ಹಾಸ್ಟೆಲಿನ ಕಿಟಕಿ ಯಾವ ಕಡೆಗೆ?



ಭಾನುವಾರದ ಬಲಿಪೂಜೆ ಮುಗಿದ ಮೇಲೆ ಅರಕಲಗೂಡಿನ ಕಡೆಯ ತಾಯಿಯೊಬ್ಬರು ಬಂದು ಹೇಳಿದರು: "ಸ್ವಾಮಿ, ಮಗ ಬೆಂಗಳೂರಿಗೆ ಓದೋಕೆ ಹೋಗಿ ಎರಡು ವರ್ಷ ಆಯ್ತು. ಪೂಜೆಗೆ ಹೋಗ್ತಿದ್ದೀಯೇನಪ್ಪಾ ಅಂತ ಕೇಳೋಕೆ ಧೈರ್ಯ ಬರಲ್ಲ. ಕೇಳಿದರೆ ಸುಳ್ಳು ಹೇಳ್ತಾನೆ. ಪೂಜೆ ತಪ್ಪಿಸಿದ್ದರ ಜೊತೆಗೆ ಸುಳ್ಳಿನ ಪಾಪವೂ ಸೇರಿಕೊಳ್ಳುತ್ತೆ."

ಇದು ಒಂದು ಮನೆಯ ಅಳಲಲ್ಲ. ಹೊಳೆನರಸೀಪುರ, ಚನ್ನರಾಯಪಟ್ಟಣ, ಅರಕಲಗೂಡಿನ ಕಡೆ ನಾವು ಕೆಲವೇ ಮನೆಯವರು. ಒಂದು ಭಾನುವಾರ ನೀವು ಕಾಣಿಸದಿದ್ದರೆ "ಹುಷಾರಿಲ್ಲವೇ?" ಎಂದು ಯಾರಾದರೂ ಕೇಳುತ್ತಾರೆ. ಮಗನೋ ಮಗಳೋ ಹಾಸನಕ್ಕೆ, ಮೈಸೂರಿಗೆ, ಬೆಂಗಳೂರಿಗೆ ಹೋದಾಗ ಹಾಗೆ ಕೇಳುವವರೇ ಇರುವುದಿಲ್ಲ. ದೊಡ್ಡ ದೇವಾಲಯವಿರುತ್ತದೆ, ಜನ ತುಂಬಿರುತ್ತಾರೆ. ಪೂಜೆ ಇಂಗ್ಲಿಷಿನಲ್ಲೋ ತಮಿಳಿನಲ್ಲೋ ನಡೆಯುತ್ತಿರುತ್ತದೆ. ಹಿಂದಿನ ಬೆಂಚಿನಲ್ಲಿ ಕುಳಿತು ಎದ್ದು ಬಂದ ಹುಡುಗ ಮುಂದಿನ ವಾರ ಹೋಗುವುದಿಲ್ಲ. ವಿಶ್ವಾಸ ಸತ್ತಿತೆಂದಲ್ಲ, ಗುರುತಿಸುವವರಿಲ್ಲವೆಂದು.

ಯೆಹೂದ್ಯರು ಈ ಕಷ್ಟವನ್ನು ನಮಗಿಂತ ಬಹಳ ಮೊದಲೇ ಕಂಡವರು. ದಾನಿಯೇಲನನ್ನೂ ಅವನ ಮೂವರು ಗೆಳೆಯರನ್ನೂ ನೆನೆಯಿರಿ. ಬಾಬಿಲೋನಿನ ಅರಮನೆಯಲ್ಲಿ ಅವರದು ಮೂರು ವರ್ಷದ ವಿದ್ಯಾಭ್ಯಾಸ, ಹೆಚ್ಚು ಕಡಿಮೆ ನಮ್ಮ ಡಿಗ್ರಿಯಷ್ಟೇ! ಹೆಸರನ್ನೂ ಬದಲಾಯಿಸಿದರು. ಆ ನಾಡಿನ ಭಾಷೆ, ವಿದ್ಯೆ ಯಾವುದನ್ನೂ ಅವರು ಬೇಡವೆನ್ನಲಿಲ್ಲ. ಎಲ್ಲರಿಗಿಂತ ಚೆನ್ನಾಗಿಯೇ ಕಲಿತರು. ಬೇಡವೆಂದದ್ದು ಅರಸನ ಊಟವನ್ನು ಮಾತ್ರ. ಮುಂದೆ ದಾನಿಯೇಲನು ಜೆರುಸಲೇಮಿನ ಕಡೆಗೆ ಕಿಟಕಿ ತೆರೆದು ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ. ಗಮನಿಸಿ: ಅವರು ನಾಲ್ವರಿದ್ದರು. ಒಬ್ಬನೇ ಆಗಿದ್ದರೆ ಆ ಊಟದ ಮುಂದೆ ಎಷ್ಟು ದಿನ ನಿಲ್ಲುತ್ತಿದ್ದನೋ!

ಇಂದಿಗೂ ಯೆಹೂದ್ಯ ಸಂಪ್ರದಾಯದಲ್ಲಿ ಹತ್ತು ಜನ ಸೇರದೆ ಸಾಮೂಹಿಕ ಪ್ರಾರ್ಥನೆಯ ಕೆಲವು ಭಾಗಗಳನ್ನು ಹೇಳುವಂತಿಲ್ಲ. ಹತ್ತನೆಯವನು ಹಾಸಿಗೆಯಲ್ಲಿದ್ದರೆ ಉಳಿದ ಒಂಬತ್ತು ಮಂದಿ ಅವನ ಬಾಗಿಲು ತಟ್ಟಲೇಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1923ರಲ್ಲಿ ಯೆಹೂದ್ಯ ವಿದ್ಯಾರ್ಥಿಗಳಿಗಾಗಿ 'ಹಿಲ್ಲೆಲ್' ಎಂಬ ಸಂಸ್ಥೆ ಆರಂಭವಾಯಿತು. ಅದು ಬೇಕೆಂದು ಒತ್ತಾಯಿಸಿದವರಲ್ಲಿ ಒಬ್ಬ ಕ್ರೈಸ್ತ ಪ್ರಾಧ್ಯಾಪಕರಿದ್ದರು. ತಮ್ಮ ಯೆಹೂದ್ಯ ವಿದ್ಯಾರ್ಥಿಗಳಿಗೆ ಅವರದೇ ಧರ್ಮಗ್ರಂಥ ತಿಳಿಯದೆಂಬುದು ಅವರ ಕೊರಗು. ನಮ್ಮ ದೇಶದಲ್ಲಿ ಕಥೋಲಿಕ ವಿದ್ಯಾರ್ಥಿಗಳ 'ಐಕಫ್' ಒಕ್ಕೂಟ ಹುಟ್ಟಿದ್ದು ಮರುವರ್ಷ, 1924ರಲ್ಲಿ. ನಮ್ಮ ಎಷ್ಟು ಮಕ್ಕಳಿಗೆ ಅದರ ಹೆಸರು ಗೊತ್ತು?

ನಮ್ಮ ಜಿಲ್ಲೆಯ ಶೆಟ್ಟಿಹಳ್ಳಿಯನ್ನೇ ನೋಡಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ದೇವಾಲಯ ಹೇಮಾವತಿಯ ಹಿನ್ನೀರಿನ ಪಾಲಾಯಿತು. ಈಗ ಅಲ್ಲಿಗೆ ಫೋಟೋ ತೆಗೆಯಲು ಹೋಗುವವರೇ ಹೆಚ್ಚು. ಊರು ಬಿಟ್ಟ ಕುಟುಂಬಗಳು ಗೋಡೆಗಳನ್ನು ಹೊತ್ತು ಹೋಗಲಾಗಲಿಲ್ಲ. ಜಪಸರವನ್ನು ಹೊತ್ತು ಹೋಗಬಹುದಿತ್ತು.

ತಂದೆತಾಯಿಗಳೇ, ಮಕ್ಕಳ ಟ್ರಂಕಿಗೆ ಉಪ್ಪಿನಕಾಯಿ, ಚಟ್ನಿಪುಡಿ ತುಂಬುವ ದಿನವೇ ನಿಮ್ಮ ಗುರುಗಳಿಂದ ಆ ಊರಿನ ಧರ್ಮಕೇಂದ್ರದ ಗುರುಗಳಿಗೆ ಒಂದು ಪತ್ರ ಬರೆಸಿಕೊಳ್ಳಿ. ಮೊದಲ ಭಾನುವಾರ ನೀವೂ ಜೊತೆಗೆ ಹೋಗಿ, ಮಗುವನ್ನು ಅವರ ಮುಂದೆ ನಿಲ್ಲಿಸಿ ಹೆಸರು ಹೇಳಿ. ಕನ್ನಡ ಪೂಜೆ ಎಲ್ಲಿ, ಎಷ್ಟು ಹೊತ್ತಿಗೆ ಎಂದು ವಿಚಾರಿಸಿ. ಭಾನುವಾರ ಪರೀಕ್ಷೆಯಿದ್ದರೆ ಶನಿವಾರ ಸಂಜೆಯ ಬಲಿಪೂಜೆಯಿಂದಲೂ ಕಟ್ಟಳೆ ನೆರವೇರುತ್ತದೆ. ಇದು ಅನೇಕ ವಿದ್ಯಾರ್ಥಿಗಳಿಗೆ ಗೊತ್ತೇ ಇಲ್ಲ.

ಯುವಜನರೇ, ಇಬ್ಬರು ಮೂವರು ಸೇರಿದಲ್ಲಿ ತಾನಿರುವೆನೆಂದು ಯೇಸುಸ್ವಾಮಿ ಮಾತು ಕೊಟ್ಟಿದ್ದಾರೆ. ಹತ್ತು ಜನ ಬೇಕಿಲ್ಲ. ನಿಮ್ಮ ಹಾಸ್ಟೆಲಿನಲ್ಲಿ ಇನ್ನೊಬ್ಬರನ್ನು ಹುಡುಕಿ.

ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: "ಹೋದೆಯಾ ಎಂದು ಕೇಳಬೇಡಿಯಮ್ಮ. ಶನಿವಾರ ರಾತ್ರಿ ಫೋನ್ ಮಾಡಿ, ನಾಳೆ ಪೂಜೆಯಲ್ಲಿ ಅಪ್ಪನ ಕಾಲುನೋವಿಗಾಗಿ ಬೇಡಿಕೋ ಮಗಾ ಅನ್ನಿ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನಿಗೆ ಅಪ್ಪ ಅಂದ್ರೆ ಪ್ರಾಣ ಸ್ವಾಮಿ" ಎಂದರು.