ಇದು ಯಾವ ಸಾರಿ?

ನಾನು ಮೇಷ್ಟರಲ್ಲ. ಆದರೂ ಚೀನಾದ ಶೆನ್‌ಝೆನ್‌ನಲ್ಲಿ ಕೆಲಸಕ್ಕಿದ್ದ ಎರಡು ವರ್ಷ ವಾರಕ್ಕೆರಡು ದಿನ ಮೇಷ್ಟರಾಗಿದ್ದೆ. ಮಧ್ಯಾಹ್ನದ ಊಟ ಮುಗಿದ ಮೇಲೆ ನಮ್ಮ ಟೀಮಿನ ಆರೇಳು ಜನ ಮೀಟಿಂಗ್ ರೂಮಿನಲ್ಲಿ ಸೇರೋರು. ನಾನು ಅವರ ಜೊತೆ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಹರಟಬೇಕು, ಅಷ್ಟೇ ಪಾಠ. ವ್ಯಾಕರಣ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಶಾಲೆಯಲ್ಲಿ ಉರು ಹೊಡೆದು ಬಂದವರು. ಅವರು ಎಡವುತ್ತಿದ್ದದ್ದು ದೊಡ್ಡ ಪದಗಳಲ್ಲಲ್ಲ, ದಿನಾ ಬಾಯಿಗೆ ಬರುವ ಪುಟ್ಟ ಪದಗಳಲ್ಲಿ.

ಒಂದು ಮಂಗಳವಾರ, ರಜೆ ಮುಗಿಸಿ ಬಂದಿದ್ದ ಹುಡುಗಿಯೊಬ್ಬಳು, "ಹೋದ ವಾರ ನಮ್ಮಜ್ಜಿ ತೀರಿಕೊಂಡರು" ಅಂದಳು. ಹುನಾನ್ ಪ್ರಾಂತ್ಯದ ಹಳ್ಳಿಯವಳು. ಅಪ್ಪ ಅಮ್ಮ ದುಡಿಯೋಕೆ ದಕ್ಷಿಣದ ಕಾರ್ಖಾನೆಗಳಿಗೆ ಬಂದುಬಿಟ್ಟಿದ್ದರಿಂದ ಅಮ್ಮನ ಅಮ್ಮನೇ ಅವಳನ್ನು ಸಾಕಿದ್ದು. ನಾನು ಅಭ್ಯಾಸಬಲದಿಂದ "ಐ ಆಮ್ ಸಾರಿ" ಅಂದೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ ಕೇಳಿದಳು: "ಇದು ಯಾವ ಸಾರಿ?"

ಪಕ್ಕದಲ್ಲಿದ್ದ ಹುಡುಗ ನಕ್ಕು, "ಅಜ್ಜಿ ಸತ್ತರೆ ಇವರದೇನು ತಪ್ಪು, ಇವರ್ಯಾಕೆ ಕ್ಷಮೆ ಕೇಳ್ತಾರೆ ಅಂತ ಅವಳಿಗೆ ಗೊಂದಲ" ಅಂದ. ಆ ಗೊಂದಲ ಚೀನೀ ಭಾಷೆ ಆಡುವವರಿಗೆ ಸಹಜವೇ. ಸಾರಿ ಅಂದರೆ ದುಯ್‌ಬುಚಿ, ಅಂದರೆ ತಪ್ಪು ಮಾಡಿದವರು ಆಡುವ ಮಾತು ಅಂತಲೇ ಅವರು ಕಲಿತಿರುತ್ತಾರೆ. ನಾನು ಎದ್ದು ಬೋರ್ಡಿನ ಹತ್ತಿರ ಹೋದೆ. ಒಳ್ಳೆಯ ಪಾಠ ಸಿಕ್ಕಿತು ಅಂತ ಖುಷಿಯೇ ಆಯಿತು ಅನ್ನಬೇಕು.

ತಡವಾಗಿ ಬಂದು ಸಾರಿ ಅನ್ನುವುದು ಒಂದು. ಎದುರಿನವರ ಮಾತು ಕೇಳಿಸದಿದ್ದಾಗ ರಾಗ ಎಳೆದು "ಸಾರಿ?" ಅನ್ನುವುದು ಇನ್ನೊಂದು. "ಸಾರಿ, ನಾನಿದನ್ನು ಒಪ್ಪಲ್ಲ" ಅನ್ನುವಾಗ ಅದು ಜಗಳಕ್ಕೆ ಮುಂಚಿನ ನಮಸ್ಕಾರ. "ಮುಂದೆ ಸಾರಿ ಆಗ್ತೀಯ ನೋಡು" ಅಂದರೆ ಬೆದರಿಕೆ. ಪಾಳುಬಿದ್ದ ಮನೆಯ ಸ್ಥಿತಿಯೂ ಸಾರಿಯೇ. ಸಾವಿನ ಸುದ್ದಿಗೆ ಹೇಳುವ ಸಾರಿಯಲ್ಲಿ ತಪ್ಪೊಪ್ಪಿಗೆ ಇಲ್ಲ, ಬರೀ ದುಃಖ. ಇಂಗ್ಲಿಷಿನಲ್ಲಿ ಈ ಪದ ಹುಟ್ಟಿದ್ದೇ ನೋವು, ಹುಣ್ಣು ಅನ್ನುವ ಅರ್ಥದ ಹಳೆಯ ಮೂಲದಿಂದ. ಮೊದಲು ಬಂದದ್ದು ಸಂಕಟ. ಕ್ಷಮೆ ಕೇಳುವುದು ಆಮೇಲೆ ಸೇರಿಕೊಂಡದ್ದು.

ನಾನು ಒಂದೊಂದೇ ಬರೆದ ಹಾಗೆ ಅವರು ಪಕ್ಕದಲ್ಲಿ ತಮ್ಮ ಮಾತುಗಳನ್ನು ಬರೆಯುತ್ತಾ ಹೋದರು. ಲಿಫ್ಟಿನಲ್ಲಿ ಮೈ ತಾಗಿದರೆ ಬುಹಾವ್‌ಯಿಸ್, ಅಂದರೆ ಮುಜುಗರವಾಯಿತು ಅಂತ. ಅದಕ್ಕಿಂತ ಭಾರದ್ದು ದುಯ್‌ಬುಚಿ. ಅದನ್ನು ಬಿಡಿಸಿದರೆ "ನಿಮಗೆ ಮುಖ ಕೊಡಲಾರೆ" ಅನ್ನೋ ಅರ್ಥ ಬರುತ್ತದಂತೆ. ಮನಸ್ಸಿನಲ್ಲಿ ಅಳುಕಿದ್ದರೆ ಬಾವ್‌ಚಿಯೆನ್. ಆ ಅಳುಕನ್ನು ಬಾಯಿಬಿಟ್ಟು ಹೇಳಿ, ವಿಧಿವತ್ತಾಗಿ ಕ್ಷಮೆ ಯಾಚಿಸಿದರೆ ದಾವ್‌ಚಿಯೆನ್. ಹೀಗಾಗಬಾರದಿತ್ತು ಅನ್ನೋಕೆ ಯಿಹಾನ್. ಸಾವಿನ ಮನೆಯಲ್ಲಿ ಇದ್ಯಾವುದೂ ಅಲ್ಲ. ಜಿಯೆಆಯ್, ದುಃಖವನ್ನು ಹಿಡಿತದಲ್ಲಿಟ್ಟುಕೊಳ್ಳಿ ಅನ್ನುತ್ತಾರೆ. ಇಂಗ್ಲಿಷಿನವರು ಒಂದೇ ಚೀಲಕ್ಕೆ ತುಂಬಿದ್ದನ್ನು ಇವರು ಬೇರೆ ಬೇರೆ ಡಬ್ಬಿಗಳಲ್ಲಿ ಇಟ್ಟಿದ್ದಾರೆ.

ಈ ಚೀಲದ ದೆಸೆಯಿಂದ ಎರಡು ದೇಶಗಳು ಹನ್ನೊಂದು ದಿನ ಹಗ್ಗಜಗ್ಗಾಡಿದ್ದೂ ಉಂಟು. 2001ರ ಏಪ್ರಿಲ್ 1ರಂದು ಅಮೆರಿಕದ ಬೇಹುಗಾರಿಕೆ ವಿಮಾನವೊಂದು ಹೈನಾನ್ ದ್ವೀಪದ ಹತ್ತಿರ ಚೀನಾದ ಯುದ್ಧವಿಮಾನಕ್ಕೆ ಡಿಕ್ಕಿಯಾಯಿತು. ಚೀನೀ ಪೈಲಟ್ ವಾಂಗ್ ವೇಯ್ ಸತ್ತ. ಅಮೆರಿಕದ ವಿಮಾನ ಅನುಮತಿ ಸಿಗುವ ಮೊದಲೇ ಹೈನಾನ್‌ನಲ್ಲಿ ಇಳಿಯಿತು, ಅದರಲ್ಲಿದ್ದ 24 ಮಂದಿ ಸಿಕ್ಕಿಬಿದ್ದರು. ಚೀನಾ ಕೇಳಿದ್ದು ದಾವ್‌ಚಿಯೆನ್. ತಪ್ಪು ನಮ್ಮದಲ್ಲ, ಅದನ್ನು ಕೊಡೋದಿಲ್ಲ ಅಂದಿತು ಅಮೆರಿಕ. ಕೊನೆಗೆ ಏಪ್ರಿಲ್ 11ರಂದು ಅಮೆರಿಕದ ರಾಯಭಾರಿ ಒಂದು ಪತ್ರ ಕೊಟ್ಟರು. ಅದರಲ್ಲಿ "ವೆರಿ ಸಾರಿ" ಎರಡು ಸಲ ಬಂದಿತ್ತು: ಒಮ್ಮೆ ಪೈಲಟ್ಟಿನ ಸಾವಿಗೆ, ಇನ್ನೊಮ್ಮೆ ಅನುಮತಿಯಿಲ್ಲದೆ ಒಳಬಂದು ಇಳಿದದ್ದಕ್ಕೆ. ಚೀನಾ ಅದನ್ನು ತನ್ನ ಜನರಿಗೆ ಶೆನ್‌ಬ್ಯಾವ್ ಚಿಯೆನ್‌ಯಿ ಅಂತ ತಿಳಿಸಿತು. ಹೆಚ್ಚುಕಮ್ಮಿ "ಆಳವಾದ ಕ್ಷಮಾಭಾವ" ಅಂದ ಹಾಗೆ. ನಾವು ಡಿಕ್ಕಿಗೆ ಕ್ಷಮೆ ಕೇಳಿಯೇ ಇಲ್ಲ ಅಂತ ಅಮೆರಿಕ ತನ್ನ ಜನರಿಗೆ ಹೇಳಿಕೊಂಡಿತು. 24 ಮಂದಿ ಮನೆಗೆ ಹೋದರು.

ಈ ಕಥೆ ಹೇಳಿ, ನೋಡಿ, ಅರ್ಥ ಜಾಸ್ತಿ ಇದ್ದರೆ ಎಷ್ಟು ಉಪಯೋಗ ಅಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಪಾಠ ಮುಗಿದು ಉಳಿದವರು ಹೊರಟ ಮೇಲೆ, ಬೋರ್ಡು ಒರೆಸುತ್ತಿದ್ದ ನನ್ನ ಹತ್ತಿರ ಬಂದು, "ನೀವು ಹೇಳಲಿಲ್ಲ, ನನಗೆ ಹೇಳಿದ್ದು ಯಾವ ಸಾರಿ?" ಅಂತ ಮತ್ತೆ ಕೇಳಿದಳು.

ಈಗ ಮುಚ್ಚಿಟ್ಟಿದ್ದನ್ನು ಹೇಳಿಬಿಡ್ತೀನಿ. ಅದಕ್ಕೆ ಹತ್ತು ದಿನ ಮುಂಚೆ ಅವಳು ನನ್ನ ಮೇಜಿನ ಹತ್ತಿರ ಬಂದಿದ್ದಳು. ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ, ನಾಲ್ಕು ದಿನ ರಜೆ ಬೇಕು ಅಂದಿದ್ದಳು. ಆ ವಾರ ಪ್ರಾಜೆಕ್ಟಿನ ರಿಲೀಸು ಇತ್ತು. ನಾನು ಕಂಪ್ಯೂಟರಿನಿಂದ ತಲೆ ಎತ್ತಿ, "ಸಾರಿ, ಈ ವಾರ ಕಷ್ಟ. ಶುಕ್ರವಾರ ಕಳೀಲಿ, ಹೋಗುವಿಯಂತೆ" ಅಂದಿದ್ದೆ. ಅವಳು ತಲೆಯಾಡಿಸಿ ಹೋಗಿದ್ದಳು. ಬುಧವಾರ ರಾತ್ರಿ ಅಜ್ಜಿ ಹೋದರು. ಶೆನ್‌ಝೆನ್‌ನಿಂದ ಚಾಂಗ್‌ಶಾಗೆ ಬುಲೆಟ್ ರೈಲಿನಲ್ಲಿ ಸುಮಾರು ಮೂರು ಗಂಟೆ, ಅಲ್ಲಿಂದ ಬಸ್ಸು. ಸೋಮವಾರವೇ ಹೊರಟಿದ್ದರೆ ಅಜ್ಜಿಯ ಜೊತೆ ಎರಡು ದಿನ ಇರುತ್ತಿದ್ದಳು. ರಿಲೀಸು ಏನಾಯಿತು ಅಂತೀರಾ? ಒಂದು ವಾರ ಮುಂದೆ ಹೋಯಿತು.

ನಾನೇನೂ ನಿಯಮ ಮೀರಿರಲಿಲ್ಲ. ಅಲ್ಲಿ 1980ರಿಂದ ನಡೆದುಬಂದ ಕ್ರಮದಲ್ಲಿ ಸಾವಿನ ರಜೆ 1ರಿಂದ 3 ದಿನ. ಅದೂ ತಂದೆತಾಯಿ, ಗಂಡಹೆಂಡತಿ, ಮಕ್ಕಳು ತೀರಿಕೊಂಡರೆ. ಅಜ್ಜಿ ಆ ಪಟ್ಟಿಯಲ್ಲಿಲ್ಲ. ಇದನ್ನೆಲ್ಲ ಅವಳಿಗೆ ವಿವರಿಸಬಹುದಿತ್ತು. ಆದರೆ ಅವಳು ಕೇಳಿದ್ದು ನಿಯಮ ಅಲ್ಲ, ಪದದ ಅರ್ಥ. ನಿಜ ಹೇಳಬೇಕೆಂದರೆ ನನ್ನ "ಐ ಆಮ್ ಸಾರಿ" ಎರಡೂ ಆಗಿತ್ತು. ಒಳಗೆ ಎಲ್ಲೋ ಚುಚ್ಚುತ್ತಿತ್ತು, ಅದನ್ನು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ಅವಳು ಕ್ಷಮೆ ಅಂದುಕೊಂಡರೆ ಕ್ಷಮೆ, ಸಂತಾಪ ಅಂದುಕೊಂಡರೆ ಸಂತಾಪ. ನನಗೆ ಎರಡು ಕಡೆಯೂ ಬಾಗಿಲು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದೇ ದ್ವಂದ್ವಾರ್ಥ 24 ಜನರನ್ನು ಬಿಡಿಸಿದಾಗ ಜಾಣತನ, ನಾನು ಮಾಡಿದರೆ ಮೋಸವೇ? ಬಹಳ ದಿನ ಯೋಚಿಸಿದ್ದೇನೆ. ವ್ಯತ್ಯಾಸ ಇದೆ ಅಂತಲೇ ಅನ್ನಿಸುತ್ತದೆ. ಹೈನಾನ್ ಪತ್ರದ ಪದವನ್ನು ಎರಡೂ ಕಡೆಯವರು ಕೂತು ಅಳೆದು ತೂಗಿದ್ದರು. ಪದದಲ್ಲಿ ಎಷ್ಟು ಜಾಗ ಇದೆ ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದರಲ್ಲಿ ನುಸುಳಿದರು. (ಎರಡೂ ದೇಶದ ಜನಸಾಮಾನ್ಯರಿಗೆ ಅರ್ಧರ್ಧ ಸತ್ಯವೇ ಸಿಕ್ಕಿತು, ಅದು ಬೇರೆ ಮಾತು.) ನನ್ನ ಮತ್ತು ಆ ಹುಡುಗಿಯ ನಡುವೆ ಪದ ಬಲ್ಲವನು ನಾನೊಬ್ಬನೇ. ರಜೆ ಕೊಡುವವನೂ ನಾನೇ. ಅರ್ಥ ಆರಿಸುವ ಕೆಲಸವನ್ನು ಮಾತ್ರ, ನೋವಿನಲ್ಲಿದ್ದ ಅವಳ ಮೇಲೆ ಹಾಕಿದ್ದೆ.

ಬರ್ನಾರ್ಡ್ ವಿಲಿಯಮ್ಸ್ ಅಂತ ಇಂಗ್ಲಿಷ್ ತತ್ತ್ವಶಾಸ್ತ್ರಜ್ಞರೊಬ್ಬರು ನೈತಿಕ ಅದೃಷ್ಟದ ಬಗ್ಗೆ ಬರೆಯುತ್ತಾ ಲಾರಿ ಚಾಲಕನ ಉದಾಹರಣೆ ಕೊಡುತ್ತಾರೆ. ಅವನದೇನೂ ತಪ್ಪಿಲ್ಲದೆ ಮಗುವೊಂದು ಲಾರಿಗೆ ಸಿಕ್ಕಿ ಸಾಯುತ್ತದೆ. ರಸ್ತೆಬದಿ ನಿಂತು ನೋಡಿದವನಿಗೂ ದುಃಖವಾಗುತ್ತದೆ, ಆದರೆ ಚಾಲಕನದು ಬೇರೆ ತರಹದ ಸಂಕಟ: ನನ್ನ ಕೈಯಿಂದ ಆಯಿತಲ್ಲ ಅನ್ನುವುದು. ಆ ಚಾಲಕ ಬೇಗನೆ ಸಮಾಧಾನ ಮಾಡಿಕೊಂಡುಬಿಟ್ಟರೆ ನಮಗೇ ಅನುಮಾನ ಬರುತ್ತದೆ. ಅಂದರೆ ತಪ್ಪಿಗೂ ಬರೀ ದುಃಖಕ್ಕೂ ನಡುವೆ ಮೂರನೆಯ ಜಾಗ ಇದೆ. ಸಾರಿ ಅನ್ನೋ ಪದಕ್ಕೆ ಅಲ್ಲಿಯೂ ನಿಲ್ಲುವ ಶಕ್ತಿ ಇದೆ, ಅದು ಅದರ ಒಳ್ಳೆಯ ಗುಣ. ಹಾಂಗ್‌ಕಾಂಗ್‌ನಲ್ಲಿ 2017ರ ಡಿಸೆಂಬರ್ 1ರಿಂದ ಒಂದು ಕಾನೂನೇ ಇದೆ: ಸಿವಿಲ್ ವ್ಯಾಜ್ಯದಲ್ಲಿ ಕ್ಷಮೆ ಕೇಳಿದ್ದನ್ನು ತಪ್ಪೊಪ್ಪಿಗೆ ಅಂತ ಹಿಡಿಯುವಂತಿಲ್ಲ. ಕೋರ್ಟಿನ ಭಯಕ್ಕೆ ಜನ ಬಾಯಿ ಬಿಗಿದುಕೊಂಡು ಕೂರದಿರಲಿ ಅನ್ನೋದು ಅದರ ಉದ್ದೇಶ. ನಾನದನ್ನು ಒಪ್ತೀನಿ. ಆದರೆ ನನ್ನ ಕೇಸಿನಲ್ಲಿ ಕೋರ್ಟೂ ಇರಲಿಲ್ಲ, ನಾನು ಆ ಲಾರಿ ಚಾಲಕನೂ ಅಲ್ಲ. ಸಾವು ನನ್ನಿಂದಾಗಲಿಲ್ಲ, ಸರಿ. ಆ ಎರಡು ದಿನ ಹೋದದ್ದು ನನ್ನಿಂದಲೇ. ತಲೆ ಎತ್ತಿ ಎರಡು ನಿಮಿಷ ಯೋಚಿಸಿದ್ದರೆ ಬೇರೆಯವರಿಗೆ ಕೆಲಸ ಹಂಚಬಹುದಿತ್ತು.

ಅವತ್ತು ಬೋರ್ಡಿನಲ್ಲಿ ಇನ್ನೂ ಅರ್ಧ ಪದಗಳು ಉಳಿದಿದ್ದವು. ನಾನು ದುಯ್‌ಬುಚಿಯನ್ನು ತೋರಿಸಿ, "ಇದು" ಅಂದೆ. "ಅಜ್ಜಿಗಾಗಿ ಅಲ್ಲ, ನಿನ್ನ ರಜೆಗೆ."

ದುಯ್‌ಬುಚಿಗೆ ಸಿದ್ಧ ಉತ್ತರ ಒಂದಿದೆ, ಮೇಯ್‌ಗ್ವಾನ್‌ಶಿ, ಪರವಾಗಿಲ್ಲ ಅಂತ. ಅವಳು ಅದನ್ನು ಹೇಳಲಿಲ್ಲ. "ಅರ್ಥ ಆಯ್ತು" ಅಂದಳು, ಡಸ್ಟರ್ ತಗೊಂಡು ಉಳಿದದ್ದನ್ನು ಒರೆಸಿ ಹೋದಳು. ಗುರುವಾರ ಪಾಠಕ್ಕೆ ಬಂದಳು, ಎಂದಿನ ಕುರ್ಚಿಯಲ್ಲೇ ಕೂತಳು. ಕ್ಷಮಿಸಿದಳೋ ಇಲ್ಲವೋ, ನಾನು ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಭಾರ ಅವಳ ಮೇಲೆ ಹೊರಿಸಿದ ಹಾಗಾಗುತ್ತಿತ್ತು.

ವಾಪಸ್ ಬಂದ ಮೇಲೆ ನಮ್ಮ ಮಾತನ್ನೂ ಗಮನಿಸ್ತಾ ಇದ್ದೀನಿ. ದಿನಕ್ಕೆ ಹತ್ತು ಸಾರಿ ಸಾರಿ ಅಂತೀವಿ. ನಿಜವಾಗಿ ಮನಸ್ಸಿಗೆ ತಾಗಿದಾಗ "ತಪ್ಪಾಯ್ತು" ಅಂತೀವಿ. ಎಂಥಾ ಒಳ್ಳೆಯ ಮಾತು ಅದು! ಆದರೂ ನೋಡಿ, ಅದರಲ್ಲಿ ತಪ್ಪು ತಾನಾಗಿಯೇ ಆಗಿದೆ, ಮಳೆ ಆದ ಹಾಗೆ. ಮಾಡಿದವರ ಸುದ್ದಿಯೇ ಇಲ್ಲ. "ನಾನು ತಪ್ಪು ಮಾಡಿದೆ" ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ. ವ್ಯಾಕರಣದಲ್ಲಿ ಏನೂ ಕಷ್ಟ ಇಲ್ಲ. ನನಗಂತೂ ಈಗಲೂ "ನಾನು" ಅನ್ನೋದರ ಹತ್ತಿರ ನಾಲಿಗೆ ತಡವರಿಸುತ್ತೆ.