ಮತ್ಸರ ಮತ್ತು ಒಂದು ಗೊಂಬೆಯ ಕಥೆ

ಮಕ್ಕಳು ನೋಡುವ ಕಾರ್ಟೂನ್ ಚಿತ್ರಗಳಲ್ಲಿ ದೊಡ್ಡವರಿಗೆ ಕಲಿಯಲು ಏನಿದೆ ಎಂದು ನೀವು ಕೇಳಬಹುದು. ಎಲ್ಲದರಲ್ಲಿಯೂ ಇಲ್ಲ. ಆದರೆ ಅಮೆರಿಕದ ‘ಟಾಯ್ ಸ್ಟೋರಿ’ ಚಿತ್ರಮಾಲಿಕೆಯನ್ನು ಮಕ್ಕಳ ಜೊತೆ ಕುಳಿತು ನೋಡಿ. ನಮ್ಮ ಮನೆಗಳೊಳಗೆ ಸದ್ದಿಲ್ಲದೆ ಬೆಳೆಯುವ ಒಂದು ರೋಗದ ಕಥೆ ಅದರಲ್ಲಿದೆ. ಅದುವೇ ಮತ್ಸರ.

ಪಿಕ್ಸಾರ್ ಸಂಸ್ಥೆಯ ಮೊದಲ ಚಿತ್ರ 1995ರಲ್ಲಿ ಬಂತು. ಪೂರ್ತಿಯಾಗಿ ಕಂಪ್ಯೂಟರಿನಲ್ಲೇ ರಚಿಸಿದ ಮೊತ್ತಮೊದಲ ಪೂರ್ಣಪ್ರಮಾಣದ ಚಲನಚಿತ್ರವದು. ಮನುಷ್ಯರು ನೋಡದಿದ್ದಾಗ ಗೊಂಬೆಗಳಿಗೆ ಜೀವ ಬರುತ್ತದೆ ಎಂಬುದು ಅದರ ಕಲ್ಪನೆ. ಆ್ಯಂಡಿ ಎಂಬ ಹುಡುಗನಿಗೆ ವುಡಿ ಎಂಬ ಗೊಂಬೆ ಅಚ್ಚುಮೆಚ್ಚು. ಹುಟ್ಟುಹಬ್ಬದಂದು ಬಝ್ ಎಂಬ ಬಾಹ್ಯಾಕಾಶ ವೀರನ ಗೊಂಬೆ ಬರುತ್ತದೆ. ಗೋಡೆಯ ಚಿತ್ರಗಳು ಬದಲಾಗುತ್ತವೆ, ಹಾಸಿಗೆಯ ಹೊದಿಕೆಯೂ ಬದಲಾಗುತ್ತದೆ. ವುಡಿ ಆಟಿಕೆಗಳ ಪೆಟ್ಟಿಗೆ ಸೇರುತ್ತಾನೆ.

ಒಂದು ಸಂಜೆ, ಹೊರಗೆ ಊಟಕ್ಕೆ ಹೋಗುವಾಗ ಒಂದೇ ಗೊಂಬೆಯನ್ನು ತರಬಹುದು ಎಂದು ತಾಯಿ ಹೇಳುತ್ತಾಳೆ. ಬಝ್‌ನನ್ನು ಮೇಜಿನ ಹಿಂದಿನ ಸಂದಿಗೆ ಬೀಳಿಸಲು ವುಡಿ ಹವಣಿಸುತ್ತಾನೆ. ಆದರೆ ಬಝ್ ಕಿಟಕಿಯಿಂದ ಹೊರಗೆ ಬೀಳುತ್ತಾನೆ. ಇತರ ಗೊಂಬೆಗಳು ವುಡಿಯನ್ನು ಕೊಲೆಗಾರನೆಂದು ದೂರುತ್ತವೆ. ಅದು ಆಕಸ್ಮಿಕವೆಂದು ಅವನು ಗೋಗರೆಯುತ್ತಾನೆ.

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ವುಡಿ ಸುಳ್ಳು ಹೇಳುತ್ತಿಲ್ಲ. ಕಿಟಕಿ ಅವನ ಯೋಜನೆಯಲ್ಲಿ ಇರಲಿಲ್ಲ. ಹಾಗಾದರೆ ಅವನು ನಿರಪರಾಧಿಯೇ? ಕರ್ಮಗಳನ್ನು ನಿಯ್ಯತ್ತಿನಿಂದ ಅಳೆಯಬೇಕೆಂದು ಬಲ್ಲ ನಾವು ಇಂಥ ಕಡೆ ಥಟ್ಟನೆ ಅದರ ಮರೆಗೆ ಸರಿಯುತ್ತೇವೆ, ನನ್ನ ಉದ್ದೇಶ ಅದಾಗಿರಲಿಲ್ಲ ಎನ್ನುತ್ತೇವೆ. ಸರಿ, ಉದ್ದೇಶ ಏನಾಗಿತ್ತು? ಮೇಜಿನ ಹಿಂದಿನ ಸಂದಿ. ಯೂಸುಫರ(ಅ) ಸಹೋದರರನ್ನು ನೆನಪಿಸಿಕೊಳ್ಳಿ. ಕೊಲ್ಲುವುದು ಬೇಡ, ಬಾವಿಗೆ ಹಾಕೋಣ ಎಂದವನೂ ಅವರಲ್ಲೊಬ್ಬನಿದ್ದ. ಅದು ಅವನಿಗೆ ಮೃದುವಾದ ಮಾರ್ಗವೆಂದು ತೋರಿರಬೇಕು! ಮತ್ಸರಿಯು ಕೇಳುವುದು ಯಾವಾಗಲೂ ಅಲ್ಪವನ್ನೇ. ಹೊಸ ಸೊಸೆಯ ಸಾರಿಗೆ ಮಾವನ ಹೊಗಳಿಕೆ ಸಿಗದಿದ್ದರೆ ಸಾಕು ಎಂದು ಹಿರಿಯ ಸೊಸೆ ಬಯಸುತ್ತಾಳೆ. ಹೊಸ ಮೇಷ್ಟ್ರ ತರಗತಿಯಲ್ಲಿ ಒಂದಿಷ್ಟು ಗಲಾಟೆಯಾದರೆ ಸಾಕು ಎಂದು ಹಳೆಯ ಮೇಷ್ಟ್ರು ಕಾಯುತ್ತಾರೆ. ಸಂದಿಯ ಪಕ್ಕದಲ್ಲಿ ಕಿಟಕಿ ತೆರೆದಿದೆಯೇ ಎಂದು ಯಾರೂ ನೋಡುವುದಿಲ್ಲ.

ಈ ಚಿತ್ರಗಳ ಬೆನ್ನಿಗೆ ಗೊಂಬೆ ಮಾರುವ ದೊಡ್ಡ ವ್ಯಾಪಾರವಿದೆ ಎಂಬುದನ್ನೂ ಮರೆಯಬೇಡಿ. ನೋಡಿದ ಮರುದಿನ ಮಕ್ಕಳು ಅಂಗಡಿಗೆ ಎಳೆಯುವುದು ಖಂಡಿತ. ಅದು ಬೇರೆ ಮಾತು.

2010ರ ಮೂರನೆಯ ಚಿತ್ರದಲ್ಲಿ ಲಾಟ್ಸೊ ಎಂಬ ಕರಡಿಗೊಂಬೆ ಬರುತ್ತದೆ. ಅದರ ಒಡತಿ ಪುಟ್ಟ ಡೇಝಿಯ ಮನೆಯವರು ಪ್ರವಾಸದಲ್ಲಿ ಅದನ್ನು ಮರೆತು ಬಂದಿದ್ದರು. ಬಹಳ ದೂರ ಅಲೆದು ಮನೆಗೆ ಮರಳಿದರೆ, ಕಿಟಕಿಯೊಳಗೆ ಅವಳ ತೋಳಿನಲ್ಲಿ ಅದೇ ರೂಪದ ಇನ್ನೊಂದು ಕರಡಿ! ಲಾಟ್ಸೊನ ನೋವು ವುಡಿಯದ್ದಕ್ಕಿಂತ ದೊಡ್ಡದು, ನಿಜವಾದದ್ದು ಕೂಡ. ಆದರೆ ಜೊತೆಗೆ ಬಂದಿದ್ದ ಮಗುಗೊಂಬೆಗೆ ಅದು ಏನು ಹೇಳಿತು? ನಿನ್ನನ್ನೂ ಅವಳು ಪ್ರೀತಿಸುವುದಿಲ್ಲ ಎಂದು. ತನಗಿಲ್ಲದ್ದು ಇನ್ನೊಬ್ಬರಿಗೂ ಬೇಡ. ಅನ್ಯಾಯಕ್ಕೊಳಗಾದವನೆಂಬ ಕನಿಕರ ನನಗೆ ಲಾಟ್ಸೊನ ಮೇಲೆ ಉಳಿದದ್ದು ಅಲ್ಲಿಯವರೆಗೆ ಮಾತ್ರ.

ವುಡಿ ಪಾರಾದದ್ದು ಹೇಗೆ? ಕಳೆದುಕೊಂಡ ಮೊದಲ ಸ್ಥಾನ ಮರಳಿ ಸಿಕ್ಕಿದ್ದರಿಂದ ಎಂದು ನೀವು ತಿಳಿದರೆ 2019ರ ನಾಲ್ಕನೆಯ ಚಿತ್ರವನ್ನು ನೋಡಬೇಕು. ಆ್ಯಂಡಿ ಬೆಳೆದು ದೊಡ್ಡವನಾಗಿದ್ದಾನೆ. ವುಡಿ ಈಗ ಬಾನಿ ಎಂಬ ಹುಡುಗಿಯ ಮನೆಯಲ್ಲಿದ್ದಾನೆ. ಅವಳು ಅವನನ್ನು ಕಪಾಟಿನಲ್ಲೇ ಬಿಟ್ಟು, ಅವನ ಎದೆಯ ನಕ್ಷತ್ರವನ್ನು ಕಿತ್ತು ಜೆಸ್ಸಿ ಎಂಬ ಗೊಂಬೆಗೆ ಚುಚ್ಚುತ್ತಾಳೆ. ಶಾಲೆಯ ಪರಿಚಯದ ದಿನ ಅಳುಕುತ್ತಿದ್ದ ಬಾನಿ ಬಿಸಾಡುವ ಪ್ಲಾಸ್ಟಿಕ್ ಚಮಚದಿಂದ ತಾನೇ ಒಂದು ಗೊಂಬೆ ಮಾಡಿಕೊಳ್ಳುತ್ತಾಳೆ. ಅದೇ ಅವಳ ಹೊಸ ಅಚ್ಚುಮೆಚ್ಚು. ಆ ಚಮಚವೋ ಕಸದ ಬುಟ್ಟಿಗೆ ಓಡಿಹೋಗುತ್ತಲೇ ಇರುತ್ತದೆ. ವುಡಿ ನಿದ್ದೆಗೆಟ್ಟು ಅದನ್ನು ಕಾಯುತ್ತಾನೆ. ಹಿಂದೆ ಹೊಸ ಗೊಂಬೆಯನ್ನು ಸಂದಿಗೆ ತಳ್ಳಲು ಹೋದವನು ಇವನೇ! ಆ ಚಮಚವಿಲ್ಲದಿದ್ದರೆ ಮಗುವಿಗೆ ನಿದ್ದೆ ಬಾರದೆಂಬುದಷ್ಟೇ ಈಗ ಅವನ ಚಿಂತೆ.

ಕೊನೆಗೆ ಮಿತ್ರರನ್ನು ಬೀಳ್ಕೊಡುವಾಗ, ಅಂದು ಬಾನಿ ಕಿತ್ತಿದ್ದ ಅದೇ ನಕ್ಷತ್ರವನ್ನು ವುಡಿ ತನ್ನ ಕೈಯಿಂದಲೇ ಬಿಚ್ಚಿ ಜೆಸ್ಸಿಯ ಎದೆಗೆ ಚುಚ್ಚುತ್ತಾನೆ.