ಇಂದಿನ ಧಮ್ಮ ಚಿಂತನೆ: ಗೋಡೆಗೆ ಬಳಿದ ಬಣ್ಣ, ಕೈತಪ್ಪಿದ ಚಕ್ರ




ಚುನಾವಣೆ ಮುಗಿದು ಹೊಸಬರು ಗೆದ್ದಾಗ ಯುವಜನರ ಮನಸ್ಸಿನಲ್ಲಿ ಒಂದು ಆಸೆ ಹುಟ್ಟುತ್ತದೆ: ಇನ್ನು ಎಲ್ಲ ಬದಲಾಗುತ್ತದೆ ಅಂತ. ಈ ಆಸೆಯನ್ನು ಧಮ್ಮ ಹೇಗೆ ನೋಡುತ್ತದೆ? ಉದಾಹರಣೆಗೆ ಬಹಳ ದೂರ ಹೋಗಬೇಕಿಲ್ಲ. ಪಕ್ಕದ ಶ್ರೀಲಂಕಾ ಇದೆ.

ಕೊಲಂಬೊದ ಒಬ್ಬ ಹುಡುಗಿಯನ್ನು ಮನಸ್ಸಿಗೆ ತಂದುಕೊಳ್ಳಿ. 2019ರ ನವೆಂಬರ್‌ನಲ್ಲಿ ಗೋಟಬಯ ರಾಜಪಕ್ಸ ಅಧ್ಯಕ್ಷರಾಗಿ ಗೆದ್ದಾಗ ಆಕೆಗೆ ಹದಿನೆಂಟು ವರ್ಷ. ಗೆಲುವಿನ ನಂತರದ ವಾರಗಳಲ್ಲಿ ಆ ದೇಶದ ಎಷ್ಟೋ ಊರುಗಳಲ್ಲಿ ಹುಡುಗ ಹುಡುಗಿಯರು ಬಣ್ಣ, ಬ್ರಷ್ ಹಿಡಿದು ಬೀದಿಗಿಳಿದರು, ರಸ್ತೆಬದಿಯ ಗೋಡೆಗಳ ಮೇಲೆ ಚಿತ್ರ ಬರೆದರು. ನಮ್ಮ ಹುಡುಗಿಯೂ ಒಂದು ಗೋಡೆಗೆ ಬಣ್ಣ ಬಳಿದಳು ಎಂದುಕೊಳ್ಳೋಣ. ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ಜನ ಆ ಚುನಾವಣೆಯಲ್ಲಿ ಬಹುಪಾಲು ಎದುರಾಳಿಗೆ ಮತ ಹಾಕಿದ್ದರು. ಅಲ್ಲಿನ ಅನೇಕ ತಮಿಳರಿಗೆ, ಮುಸ್ಲಿಮರಿಗೆ ಅದೇ ಗೆಲುವು ಭಯ ತಂದಿತ್ತು. ಬಣ್ಣ ಬಳಿಯುವ ಸಂತೋಷದಲ್ಲಿ ಅದು ಆಕೆಯ ಕಣ್ಣಿಗೆ ಬೀಳಲಿಲ್ಲ.

ಮುಂದೆ ಏನಾಯಿತು? 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದರು, ರೈತನ ಬೆಳೆ ಕುಸಿಯಿತು. 2022ರ ಮಾರ್ಚ್‌ನಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಹಾಕಲು ಕಾಗದವಿಲ್ಲದೆ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ಪರೀಕ್ಷೆ ಮುಂದೂಡಿದರು. ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲು ಆಗುವುದಿಲ್ಲ ಎಂದು ಸರ್ಕಾರವೇ ಹೇಳಿತು. ಪೆಟ್ರೋಲ್, ಗ್ಯಾಸಿಗೆ ಮೈಲುದ್ದ ಸಾಲು. ಗೋಡೆಗೆ ಬಣ್ಣ ಬಳಿದ ತಲೆಮಾರೇ ಗಾಲ್ ಫೇಸ್ ಮೈದಾನದಲ್ಲಿ ಡೇರೆ ಹಾಕಿ ಕುಳಿತಿತು. ಜುಲೈ 9ರಂದು ಜನ ಅಧ್ಯಕ್ಷರ ಮನೆಯೊಳಗೆ ನುಗ್ಗಿದರು. ಕೆಲವೇ ದಿನಗಳಲ್ಲಿ ಅಧ್ಯಕ್ಷರು ದೇಶ ಬಿಟ್ಟರು.

2024ರ ಸೆಪ್ಟೆಂಬರ್ 21ರಂದು ಮತ್ತೆ ಅಧ್ಯಕ್ಷರ ಚುನಾವಣೆ. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರಲಿಲ್ಲ. ಆ ದೇಶದ ಇತಿಹಾಸದಲ್ಲೇ ಮೊದಲ ಸಲ ಎರಡನೆಯ ಆಯ್ಕೆಯ ಮತಗಳನ್ನೂ ಎಣಿಸಿ ಅನುರ ಕುಮಾರ ದಿಸ್ಸಾನಾಯಕೆ ಗೆದ್ದರೆಂದು ಘೋಷಿಸಿದರು. ಆಗ ಆಕೆಗೆ ಇಪ್ಪತ್ಮೂರು. ಮತ್ತೆ ಮನಸ್ಸಿನಲ್ಲಿ ಆಸೆ ಚಿಗುರಿತು. ಆದರೆ ಜೊತೆಗೇ ಒಂದು ಅಳುಕು: ಹೋದ ಸಲವೂ ಹೀಗೇ ಅನ್ನಿಸಿತ್ತಲ್ಲ?

ಆಸೆಯೇ ದುಃಖಕ್ಕೆ ಮೂಲ ಎಂದು ಚಿಕ್ಕಂದಿನಿಂದ ಕೇಳಿದ ನಾವು ಆಕೆಗೆ ಏನು ಹೇಳಬೇಕು? ಆಸೆ ಬಿಡಮ್ಮ ಎನ್ನಬೇಕೆ?

ಬಂಧುಗಳೇ, ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಭಗವಾನರು ದುಃಖಕ್ಕೆ ಕಾರಣವೆಂದು ತೋರಿಸಿದ್ದು ತಣ್ಹಾ, ಅಂದರೆ ತೃಷ್ಣೆ. ಒಳ್ಳೆಯದನ್ನು ಮಾಡಬೇಕೆಂಬ ಬಯಕೆಗೆ ಪಾಲಿಯಲ್ಲಿ ಬೇರೆಯೇ ಮಾತಿದೆ, ಕುಸಲ ಛಂದ. ಅದು ಬೇಡವೆಂದು ಅವರು ಹೇಳಲಿಲ್ಲ. ಸಾಧನೆಯ ನಾಲ್ಕು ಇದ್ಧಿಪಾದಗಳಲ್ಲಿ ಛಂದವೇ ಮೊದಲನೆಯದು. ಯಾರೋ ಬಂದು ನನಗೆ ಕೊಡಲಿ ಎಂದು ಕಾಯುವುದು ತೃಷ್ಣೆ. ಇದು ಆಗಬೇಕು, ನನ್ನ ಪಾಲಿನದನ್ನು ನಾನು ಮಾಡುತ್ತೇನೆ ಎಂದು ಏಳುವುದು ಛಂದ.

ದೀಘನಿಕಾಯದ ಚಕ್ಕವತ್ತಿ ಸೀಹನಾದ ಸುತ್ತದಲ್ಲಿ ಒಂದು ಕಥೆ ಬರುತ್ತದೆ. ದಳ್ಹನೇಮಿ ಎಂಬ ಚಕ್ರವರ್ತಿ ಮಗನಿಗೆ ಪಟ್ಟ ಕಟ್ಟಿ ಪ್ರವ್ರಜ್ಯೆ ಪಡೆದ. ಏಳನೆಯ ದಿನ ದಿವ್ಯ ಚಕ್ರರತ್ನ ಮಾಯವಾಯಿತು. ಮಗ ದುಃಖದಿಂದ ತಂದೆಯ ಬಳಿ ಓಡಿದ. ಅದು ಪಿತ್ರಾರ್ಜಿತ ಆಸ್ತಿಯಲ್ಲ, ಧರ್ಮದಂತೆ ನಡೆದರೆ ತಾನಾಗಿ ಬರುತ್ತದೆ ಎಂದು ತಂದೆ ತಿಳಿಹೇಳಿದ. ಎಲ್ಲರನ್ನೂ, ಪ್ರಾಣಿ ಪಕ್ಷಿಗಳನ್ನೂ ಕಾಪಾಡು. ಬಡವರಿಗೆ ಧನ ಕೊಡು. ತಿಳಿದವರನ್ನು ಕೇಳಿ ನಡೆ. ಇವು ರಾಜನ ಕರ್ತವ್ಯಗಳು.

ಕೆಲವು ತಲೆಮಾರು ಇದು ನಡೆಯಿತು. ಆಮೇಲೆ ಬಂದ ಒಬ್ಬ ಅರಸ ರಕ್ಷಣೆಯನ್ನೇನೋ ಕೊಟ್ಟ, ಆದರೆ ಬಡವರಿಗೆ ಧನ ಕೊಡಲಿಲ್ಲ. ಬಡತನ ಹೆಚ್ಚಿ ಕಳ್ಳತನ ಬಂತು. ಕಳ್ಳತನಕ್ಕೆ ಶಿರಚ್ಛೇದದ ಶಿಕ್ಷೆ ಬಂದಾಗ ಜನರೂ ಆಯುಧ ಹಿಡಿದರು. ಕೊಲೆ, ಸುಳ್ಳು, ದ್ವೇಷ ಬೆಳೆದು ಮನುಷ್ಯನ ಆಯುಸ್ಸು ಇಳಿಯುತ್ತಾ ಹತ್ತು ವರ್ಷಕ್ಕೆ ಬಂತು. ಕೊನೆಗೆ ಏಳು ದಿನ ಒಬ್ಬರನ್ನೊಬ್ಬರು ಮೃಗಗಳಂತೆ ಕಂಡು ಕೊಂದರು.

ಆಗ ಕೆಲವರು, ನಾವು ಯಾರನ್ನೂ ಕೊಲ್ಲುವುದು ಬೇಡ ಎಂದು ಕಾಡು, ಗುಹೆಗಳಲ್ಲಿ ಅಡಗಿ ಉಳಿದರು. ಏಳು ದಿನ ಕಳೆದ ಮೇಲೆ ಹೊರಬಂದು, ನೀನೂ ಬದುಕಿದ್ದೀಯಾ ಎಂದು ಪರಸ್ಪರ ತಬ್ಬಿಕೊಂಡರು. ಕೂತು ಮಾತಾಡಿದರು. ಮೊದಲು ಕೊಲ್ಲುವುದೊಂದನ್ನು ಬಿಡೋಣ ಎಂದರು. ಆಯುಸ್ಸು ಏರಿತು. ಆಮೇಲೆ ಕಳ್ಳತನ ಬಿಟ್ಟರು, ಸುಳ್ಳು ಬಿಟ್ಟರು. ಹಾಗೆ ಒಂದೊಂದೇ.

ಗಮನಿಸಿ. ಕಥೆಯಲ್ಲಿ ಇಳಿತ ಶುರುವಾದದ್ದು ಅರಮನೆಯಿಂದ. ಆದ್ದರಿಂದ ಅಧಿಕಾರದಲ್ಲಿ ಯಾರಿದ್ದರೇನು ಎಂದು ಕೈಚೆಲ್ಲಿ ಕೂರುವುದು ಧಮ್ಮವಲ್ಲ. ಅರಸ ತಪ್ಪಿದರೆ ಬಡವನ ಒಲೆ ಆರುತ್ತದೆ. ಆದರೆ ಏರಿಕೆ ಶುರುವಾದದ್ದು ಹೆಸರಿಲ್ಲದ ಸಾಮಾನ್ಯ ಜನರಿಂದ. ಒಳ್ಳೆಯ ಅರಸ ಬರಲಿ ಎಂದು ಅವರು ಕಾಯಲಿಲ್ಲ.

ದಿಸ್ಸಾನಾಯಕೆ ಅವರು ಪ್ರಮಾಣ ಸ್ವೀಕರಿಸಿದ ದಿನ, ತಾನು ಜಾದೂಗಾರನಲ್ಲ, ಈ ದೇಶದ ಒಬ್ಬ ಸಾಮಾನ್ಯ ಪ್ರಜೆ ಎಂಬರ್ಥದ ಮಾತು ಹೇಳಿದರು. ಆ ಮಾತನ್ನು ಅವರು ಮರೆಯದಿರಲಿ. ಜನ ಅವರಿಗಿಂತ ಹೆಚ್ಚಾಗಿ ನೆನಪಿಟ್ಟುಕೊಳ್ಳಲಿ. ಬಾಬಾಸಾಹೇಬರೂ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ, ರಾಜಕಾರಣದಲ್ಲಿ ವ್ಯಕ್ತಿಪೂಜೆ ಸರ್ವಾಧಿಕಾರಕ್ಕೆ ದಾರಿ ಎಂದು ನಮ್ಮನ್ನೇ ಎಚ್ಚರಿಸಿದ್ದರು.

ಹಾಗಾದರೆ ಆ ಹುಡುಗಿಗೆ ನಾವು ಹೇಳುವುದಿಷ್ಟು: ಮಗಳೇ, ಆಸೆ ಬಿಡಬೇಡ. 2019ರಲ್ಲಿ ನೀನು ಬ್ರಷ್ ಹಿಡಿದದ್ದು ತಪ್ಪಲ್ಲ, ಅದು ಛಂದವೇ. ಬಣ್ಣ ಬಳಿದ ಮೇಲೆ ಉಳಿದದ್ದನ್ನೆಲ್ಲ ಒಬ್ಬ ಮನುಷ್ಯನಿಗೆ ಬಿಟ್ಟುಬಿಟ್ಟೆಯಲ್ಲ, ತೃಷ್ಣೆ ನುಸುಳಿದ್ದು ಅಲ್ಲಿ. ಈ ಸಲ ಕಣ್ಣು ತೆರೆದಿಡು, ಲೆಕ್ಕ ಕೇಳುತ್ತಿರು. ನಿನ್ನ ಆಸೆಯಲ್ಲಿ ಜಾಫ್ನಾದ ತಮಿಳು ಹುಡುಗಿಗೂ ಜಾಗವಿದೆಯೇ ಎಂದು ನೋಡಿಕೊ. 2022ರ ರಂಜಾನ್ ತಿಂಗಳಲ್ಲಿ ಗಾಲ್ ಫೇಸ್‌ನಲ್ಲಿ ಮುಸ್ಲಿಮರು ಉಪವಾಸ ಬಿಡುವಾಗ ಬೇರೆ ಧರ್ಮದವರೂ ಜೊತೆಗೆ ಕೂತಿದ್ದರಲ್ಲ, ಅದನ್ನು ಮರೆಯಬೇಡ. ಕಾಡಿನಿಂದ ಹೊರಬಂದವರು ತಬ್ಬಿಕೊಂಡದ್ದೂ ಹಾಗೆಯೇ.

*ಇಂದಿನ ಅಭ್ಯಾಸ:* ಬದಲಾಗಬೇಕೆಂದು ನಾವು ಸದಾ ಬಯಸುವ ಒಂದು ಸಂಗತಿಯನ್ನು ನೆನೆಯೋಣ. ಅದರಲ್ಲಿ ಯಾರೋ ಮಾಡಲಿ ಎಂದು ಕಾಯುತ್ತಿರುವ ಭಾಗ ಯಾವುದು, ನಾನು ಇಂದೇ ಬಿಡಬಹುದಾದ ಅಥವಾ ಮಾಡಬಹುದಾದ ಒಂದು ಕೆಲಸ ಯಾವುದು? ಸಂಜೆಯೊಳಗೆ ಆ ಒಂದನ್ನು ಮಾಡೋಣ.

ಸಕಲ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏